ಗಂಧಕದ ಹೊಗೆ ಕುಡಿದ ಹಾರ್ಡ್ ಡಿಸ್ಕ್

ಕೆಟ್ಟು ನಿಂತ ಯಂತ್ರವನ್ನು ಹೊಡೆಯುವುದು ಅಪ್ಪನ ರೂಢಿ. ಮೋಟರಿನ ಸ್ಟಾರ್ಟರಿಗೆ ಒದೆಯುತ್ತಿದ್ದ, ಔಷಧ ಸಿಂಪಡಿಸುವ ಬ್ಲೋವರಿಗೆ ನಟ್ಟು ಬಿಗಿಯುವ ಪಾನಾದಿಂದ ಬಾರಿಸುತ್ತಿದ್ದ. ನಾನು ಸಣ್ಣವನಿದ್ದಾಗ ನನಗೂ ಏಟುಗಳು ಅಷ್ಟೇ ಸಲೀಸಾಗಿ ಬೀಳುತ್ತಿದ್ದವು. ಹೀಗಾಗಿ ಅಥಣಿ ಹತ್ತಿರದ ಅನಂತಪುರದ ನಮ್ಮ ದ್ರಾಕ್ಷಿ ಒಣಗಿಸುವ ಶೆಡ್ಡಿನ ಕಂಪ್ಯೂಟರು ಮೊದಲ ಸಲ ಸ್ತಬ್ಧವಾದಾಗ, ನನಗೆ ಫೋನು ಮಾಡುವ ಮೊದಲೇ ಅವನು ಅದಕ್ಕೆ ಎರಡು ಬಿಗಿದಿದ್ದ.

“ಹೊಡದ್ರೂ ಏಳವಲ್ದು. ಬಂದ್ ನೋಡ,” ಅಂದ.

ನನ್ನದು ಅಥಣಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಹೊಲ ಅಪ್ಪನದು ಮತ್ತು ಕಾಕಾನದು, ಅಂದರೆ ಅಪ್ಪನ ತಮ್ಮನದು. ಅಜ್ಜ ಸತ್ತ ಮೇಲೆ ದ್ರಾಕ್ಷಿ ತೋಟ ಎರಡು ಪಾಲಾಯಿತು, ಆದರೆ ಶೆಡ್ಡು ಒಂದೇ ಉಳಿಯಿತು. ಹಣ್ಣು ಹರಡಲು ಉದ್ದಕ್ಕೆ ಹನ್ನೊಂದು ಅಂತಸ್ತಿನ ಜಾಳಿಗೆ ಕಟ್ಟಿದ ಶೆಡ್ಡನ್ನು ನಡುವೆ ಕೊಯ್ದು ಹಂಚಿಕೊಳ್ಳುವುದು ಆಗದ ಮಾತು. ಹಿಂದಿನ ಹಂಗಾಮಿನಲ್ಲಿ ಅಲ್ಲಿಂದ ಒಣದ್ರಾಕ್ಷಿ ಕಳುವಾಗಿತ್ತು. ಅದಕ್ಕೇ ನಾನು ಅಂಗಡಿಯಲ್ಲಿದ್ದ ಒಂದು ಹಳೆಯ ಕಂಪ್ಯೂಟರನ್ನು ಒಯ್ದು, ನಾಲ್ಕು ಕ್ಯಾಮೆರಾ ಜೋಡಿಸಿ, ಶೆಡ್ಡಿನ ಕೊನೆಯ ಸಣ್ಣ ಕೋಣೆಯಲ್ಲಿ ಇಟ್ಟಿದ್ದೆ. ಆ ಕೋಣೆಯ ಗೋಡೆಯ ಆಚೆಗೆ ಗಂಧಕದ ಹೊಗೆ ಹಾಕುವ ಜಾಗವಿತ್ತು. ಒಣದ್ರಾಕ್ಷಿಗೆ, ನಮ್ಮ ಕಡೆಯ ಮಣೂಕಕ್ಕೆ, ಹಳದಿ ಬಣ್ಣ ಬರಲೆಂದು ಎಲ್ಲರೂ ಹಾಕುವ ಹೊಗೆ ಅದು. ಕಣ್ಣು ಉರಿಯುತ್ತಿತ್ತು, ಗಂಟಲು ಕೆರೆಯುತ್ತಿತ್ತು. ಯಂತ್ರಕ್ಕೆ ಅದರಿಂದ ಏನಾದರೂ ಆಗಬಹುದೆಂದು ನನಗೆ ಹೊಳೆಯಲಿಲ್ಲ.

ಆ ಹಂಗಾಮಿನಲ್ಲಿ ಕಂಪ್ಯೂಟರು ವಾರಕ್ಕೆರಡು ಸಲ ಕೈಕೊಡತೊಡಗಿತು. ಒಮ್ಮೆ ನೀಲಿ ಪರದೆ, ಒಮ್ಮೆ ತಾನಾಗಿಯೇ ಆರಿ ಹತ್ತುವುದು, ಒಮ್ಮೆ ಚಿತ್ರ ಅಲ್ಲೇ ಗಟ್ಟಿಯಾಗಿ ನಿಂತುಬಿಡುವುದು. ಧೂಳು ಊದಿದೆ. ಫ್ಯಾನು ಬದಲಿಸಿದೆ. ಮೆಮೊರಿ ಕಾರ್ಡು ತೆಗೆದು ಒರೆಸಿ ಹಾಕಿದೆ, ಬೇರೆಯದನ್ನು ಹಾಕಿ ನೋಡಿದೆ. ಕರೆಂಟು ಏರಿಳಿಯುತ್ತಿರಬೇಕೆಂದು ಪವರ್ ಸಪ್ಲೈಯನ್ನೇ ಹೊಸದು ಹಾಕಿದೆ. ನಾಲ್ಕು ದಿನ ನಡೆಯುತ್ತಿತ್ತು, ಮತ್ತೆ ಬೀಳುತ್ತಿತ್ತು. ಕೊನೆಗೆ ಹಾರ್ಡ್ ಡಿಸ್ಕಿನ ಆರೋಗ್ಯ ತೋರಿಸುವ ತಂತ್ರಾಂಶ ಹಾಕಿ ನೋಡಿದರೆ ಕೆಟ್ಟ ಸೆಕ್ಟರುಗಳು ಹೋದ ವಾರಕ್ಕಿಂತ ಹೆಚ್ಚಾಗಿದ್ದವು. ಡಬ್ಬಿಗೆ ಕಿವಿಯಿಟ್ಟರೆ ಒಳಗಿನಿಂದ ಯಾರೋ ಉಗುರಿನಿಂದ ಕುಟ್ಟಿದಂತೆ ಟಕ್ ಟಕ್ ಸದ್ದು.

“ಡಿಸ್ಕ ಹೊಂಟೈತಿ,” ಅಂದೆ. “ಬದಲ ಮಾಡಬೇಕು.”

“ಹಂಗಾಮ ಮುಗೀಲಿ,” ಅಂದ ಅಪ್ಪ. ನಾನೂ ಹೂಂ ಅಂದೆ.

ಜಗಳವಾದದ್ದು ಒಂದು ಮಧ್ಯಾಹ್ನ. ಅವತ್ತು ಬೆಳಗಿನಿಂದಲೇ ಪಡುವಣದಲ್ಲಿ ಮೋಡ ಕಟ್ಟಿತ್ತು. ಕಾಕಾ ಹಿಂದಿನ ದಿನ ಹಣ್ಣು ಕೊಯ್ಸಿದ್ದ. ಕ್ರೇಟುಗಳು ಶೆಡ್ಡಿನ ಹೊರಗೆ ಬಯಲಲ್ಲಿ ಕಾಯುತ್ತಿದ್ದವು. ಒಳಗೆ ಅಷ್ಟೂ ಜಾಳಿಗೆಯ ಮೇಲೆ ಅಪ್ಪನ ಹಣ್ಣು. ಅಣ್ಣತಮ್ಮಂದಿರ ಕರಾರಿನ ಪ್ರಕಾರ ಮೂರು ದಿನದ ಹಿಂದೆಯೇ ಅಪ್ಪ ಅರ್ಧ ಭಾಗ ಖಾಲಿ ಮಾಡಿಕೊಡಬೇಕಿತ್ತು. ಮಾಡಿರಲಿಲ್ಲ. ಕೊಯ್ದ ಹಣ್ಣಿಗೆ ಮಳೆ ತಾಗಿದರೆ ಮಾರನೆಯ ದಿನಕ್ಕೆ ಬೂಸರು. ನಾನು ಅವತ್ತು ಕಂಪ್ಯೂಟರು ನೋಡಲೆಂದೇ ಹೋಗಿದ್ದೆ, ಅದನ್ನು ಆಗಷ್ಟೇ ಎಬ್ಬಿಸಿ ಒಳಕೋಣೆಯಲ್ಲಿದ್ದೆ. ಹೆಣ್ಣಾಳುಗಳು ಊಟಕ್ಕೆಂದು ತೋಟದ ಆಚೆ ತುದಿಯ ಬೇವಿನ ಮರದಡಿ ಹೋಗಿದ್ದರು.

ಕಾಕಾ ಕೂಗಾಡುವುದು ಕೇಳಿಸಿತು.

“ಅಣ್ಣಾ, ಮೋಡ ನೋಡಿಲ್ಲೇನ್? ನನ್ನ ಹಣ್ಣ ಕೊಳೀಬೇಕೇನ? ನೀ ತಗೀತಿಯೋ, ನಾ ತಗೀಲೋ?”

“ಮುಟ್ಟಿ ನೋಡಲೇ. ಕೈ ಮುರಿತೀನಿ.”

ಮೇಲಿನ ಜಾಳಿಗೆಯಿಂದ ಹಣ್ಣು ಎಳೆದ ಸದ್ದಾಯಿತು. ಅರೆ ಒಣಗಿದ ದ್ರಾಕ್ಷಿ ನೆಲಕ್ಕೆ ಸುರಿದದ್ದು ಆಲಿಕಲ್ಲು ಬಿದ್ದ ಹಾಗಿತ್ತು. ನಾನು ಹೊರಗೆ ಓಡಿದೆ.

ಆಮೇಲೆ ನಡೆದದ್ದನ್ನು ನಾನು ಎಲ್ಲರಿಗೂ ಒಂದೇ ರೀತಿ ಹೇಳಿದೆ, ಪೊಲೀಸರಿಗೂ ಹೇಳಿದೆ: ಕಾಕಾ ಜಾಳಿಗೆಯ ಕಬ್ಬಿಣದ ಪೈಪು ಎತ್ತಿದ. ನಾನು ಬಿಡಿಸಲು ನಡುವೆ ಹೋದೆ. ಪೈಪು ನನ್ನ ಎದೆಗೆ ಬಿತ್ತು. ಅಪ್ಪ ನನ್ನನ್ನು ಉಳಿಸಲು ಅದನ್ನು ಕಸಿದುಕೊಂಡು ತಿರುಗಿ ಹೊಡೆದ. ನನ್ನ ಎದೆಯ ಮೇಲೆ ಹಸ್ತದಷ್ಟು ಅಗಲದ ಕಪ್ಪು ಕಲೆ ಎದ್ದಿತ್ತು, ಅಂಗಿ ಬಿಚ್ಚಿ ತೋರಿಸಿದೆ. ನಾನು ಸುಳ್ಳು ಹೇಳುತ್ತಿರಲಿಲ್ಲ. ನನಗೆ ನೆನಪಿದ್ದದ್ದೇ ಹಾಗೆ.

ಹೆಣ್ಣಾಳುಗಳು ಓಡಿ ಬರುವಷ್ಟರಲ್ಲಿ ಕಾಕಾ ನೆಲಕ್ಕೆ ಒರಗಿದ್ದ. ಹಣೆ ಸೀಳಿ ಬಾಯಿ ತೆರೆದಿತ್ತು. ಎಡಗಣ್ಣಿದ್ದ ಜಾಗದಲ್ಲಿ ರಕ್ತ ಗುಳ್ಳೆ ಗುಳ್ಳೆಯಾಗಿ ಉಕ್ಕುತ್ತಿತ್ತು. ಕೆಳಗೆ ಬಿದ್ದ ಹಣ್ಣುಗಳೆಲ್ಲ ತೊಯ್ದು ಕೆಂಪಾಗಿ ಅಂಗಾಲಿಗೆ ಅಂಟುತ್ತಿದ್ದವು. ಯಾರೋ ಗಾಬರಿಯಲ್ಲಿ ಮೇನ್ ಸ್ವಿಚ್ಚನ್ನೇ ಕೆಳಗೆಳೆದರು. ಟ್ರ್ಯಾಕ್ಸ್ ಜೀಪಿನಲ್ಲಿ ಹಾಕಿಕೊಂಡು ಮಿರಜದ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಕಾಕಾನ ತಲೆ ಹಿಡಿದುಕೊಂಡಿದ್ದವನು ನಾನೇ. ಕಣ್ಣು ಉಳಿಯಲಿಲ್ಲ.

ಎರಡೂ ಕಡೆಯಿಂದ ದೂರು ಬಿದ್ದವು. ಕಾಕಾನ ದೂರಿನಲ್ಲಿ ಅಪ್ಪನ ಹೆಸರೊಂದೇ ಇತ್ತು. ಹವಾಲ್ದಾರರು ಶೆಡ್ಡಿಗೆ ಬಂದರು. ಅಪ್ಪ ಜಾಮೀನಿನ ಮೇಲೆ ಹೊರಗಿದ್ದ.

“ಕ್ಯಾಮೆರಾ ಅದಾವಲ್ರಿ,” ಅಂದರು.

“ತಿಂಗಳಾತ್ರಿ ಕೆಟ್ಟ. ಕೇಳ್ರಿ ಇವನ್ನ, ಇವನ ರಿಪೇರಿ ಮಾಡಾವ,” ಅಂದ ಅಪ್ಪ.

ನಾನು ಸ್ವಿಚ್ ಹಾಕಿ ತೋರಿಸಿದೆ. ಪರದೆಯ ಮೇಲೆ ಡಿಸ್ಕು ಸಿಗುತ್ತಿಲ್ಲವೆಂಬ ಒಂದು ಸಾಲು ಮೂಡಿ ನಿಂತಿತು. ಅಂದಿನಿಂದ ಅದು ಎದ್ದಿರಲೇ ಇಲ್ಲ. ಹವಾಲ್ದಾರರು ಬರೆದುಕೊಂಡರು. “ರಿಪೇರಿ ಆಗಿ ಏನರ ಸಿಕ್ರ ತಂದ ಕೊಡ್ರಿ,” ಎಂದು ಹೇಳಿ ಹೋದರು.

ಅವರ ಜೀಪು ತಿರುವು ದಾಟಿದ ಕೂಡಲೇ ಅಪ್ಪ ಸುತ್ತಿಗೆ ತಂದು ನನ್ನ ಮುಂದಿಟ್ಟ. “ಜಜ್ಜಿ ಬಾವಿಗೆ ಒಗಿ.”

“ಯಾಕ? ಅದರಾಗ ಕಾಕಾ ಹೊಡದದ್ದ ಇರ್ತೈತಿ. ನಿನಗ ಅನುಕೂಲ ಆಗ್ತೈತಿ.”

ಅಪ್ಪ ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ನಾನು ನಾಟಕ ಮಾಡುತ್ತಿದ್ದೇನೋ ನಿಜವಾಗಿಯೂ ಹಾಗೆ ನಂಬಿದ್ದೇನೋ ಎಂದು ತೂಗುವ ನೋಟ. ಆಗ ನನಗೆ ತಿಳಿಯಲಿಲ್ಲ. “ಹೇಳಿದಷ್ಟ ಮಾಡ,” ಎಂದು ಎದ್ದು ಹೋದ.

ಮರುದಿನ ಕಾಕಾನ ಹೆಂಡತಿ, ನನ್ನ ಚಿಗವ್ವ, ಅಂಗಡಿಗೆ ಬಂದಳು. ಮಿರಜದಿಂದ ನೇರ ಬಂದಿದ್ದಳು. ಸೀರೆಯ ಸೆರಗಿನಲ್ಲಿ ಇನ್ನೂ ಕಂದು ಕಲೆಗಳು. ಗಿರಾಕಿಗಳಿದ್ದರು. ಅವರ ಎದುರಿಗೇ ಟೇಬಲ್ಲಿನ ಮೇಲಿದ್ದ ಕೀಬೋರ್ಡು ಎತ್ತಿ ನನ್ನ ಭುಜಕ್ಕೆ ಬಾರಿಸಿದಳು. ಒಂದು ಸಲ, ಎರಡು ಸಲ. ಅಕ್ಷರದ ಗುಂಡಿಗಳು ಸಿಡಿದು ನೆಲದ ತುಂಬ ಚೆಲ್ಲಿದವು.

“ಅದರಾಗ ಐತಿ ಎಲ್ಲಾ. ತಗಿ ಹೊರಗ. ನಿಮ್ಮಪ್ಪ ಖರೇನೋ ನನ್ನ ಗಂಡ ಖರೇನೋ ಊರ ನೋಡ್ಲಿ.”

“ತಗೀತೀನಿ ಚಿಗವ್ವಾ,” ಅಂದೆ. ತೆಗೆದರೆ ಅಪ್ಪನದೇ ಖರೆಯಾಗುತ್ತದೆಂಬ ಧೈರ್ಯ ನನಗಿತ್ತು.

ಡಿಸ್ಕು ಬಿಚ್ಚಿ ಅಂಗಡಿಗೆ ತಂದೆ. ಬೇರೆ ಕಂಪ್ಯೂಟರಿಗೆ ಜೋಡಿಸಿದೆ, ಕೇಬಲ್ಲು ಬದಲಿಸಿದೆ, ಹೊರಗಿನ ಡಬ್ಬಿಗೆ ಹಾಕಿ ನೋಡಿದೆ. ಎದ್ದು ತಿರುಗಲು ಹೋಗಿ, ಟಕ್ ಟಕ್ ಎಂದು ನಾಲ್ಕು ಸಲ ಕುಟ್ಟಿ, ಸುಮ್ಮನಾಗುತ್ತಿತ್ತು. ಫ್ರಿಜ್ಜಿನಲ್ಲಿಟ್ಟು ತೆಗೆ ಎಂದ ಒಬ್ಬ ಗೆಳೆಯ. ಮುಚ್ಚಳ ಬಿಚ್ಚಿ ಡಿಸ್ಕು ಓದುವ ಮುಳ್ಳನ್ನು ಕೈಯಿಂದ ಸರಿಸು ಎಂದ ಇನ್ನೊಬ್ಬ. ಎರಡನ್ನೂ ಮಾಡಲಿಲ್ಲ. ಪ್ರತಿ ಸಲ ಕರೆಂಟು ಕೊಟ್ಟಾಗಲೂ ಅದರ ಆಯುಷ್ಯ ಒಂದಿಷ್ಟು ಕಡಿಮೆಯಾಗುತ್ತದೆಂದು ನನಗೆ ಗೊತ್ತಿತ್ತು. ಮೂರನೆಯ ದಿನ ಅದನ್ನು ಟವೆಲ್ಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು, ಚಿಕ್ಕೋಡಿಯ ಮೇಲಿಂದ ನಿಪ್ಪಾಣಿಯ ಬಸ್ಸು ಹತ್ತಿದೆ.

ನಿಪ್ಪಾಣಿಯಲ್ಲಿ ಒಬ್ಬ ಹಿರಿಯರಿದ್ದಾರೆ. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು, ಈಗ ನಮ್ಮಂಥ ಅಂಗಡಿಯವರು ಕೈಬಿಟ್ಟ ಬೋರ್ಡುಗಳನ್ನು ನೋಡುತ್ತಾರೆ. ಮನೆಮಾತು ಮರಾಠಿ, ನಮ್ಮೊಡನೆ ಕನ್ನಡ. ಡಿಸ್ಕಿಗೆ ಕರೆಂಟು ಕೊಡಲೇ ಇಲ್ಲ ಅವರು. ಮೊದಲು ಮೂಸಿದರು.

“ಎಲ್ಲಿ ಇಟ್ಟಿದ್ರಿ ಇದನ್ನ?”

“ಮಣೂಕದ ಶೆಡ್ಡಿನಾಗ್ರಿ.”

“ಗಂಧಕದ ಹೊಗಿ ಹಾಕ್ತೀರಿ?”

“ಹೌದ್ರಿ.”

ಕೆಳಗಿನ ಹಸಿರು ಬೋರ್ಡಿನ ಐದಾರು ಸ್ಕ್ರೂ ಬಿಚ್ಚಿ ಮಗುಚಿ ನನ್ನ ಮುಂದೆ ಹಿಡಿದರು. “ಹೇ ಬಘಾ, ಇದನ್ನ ನೋಡ್ರಿ,” ಅಂದರು. ಬೋರ್ಡು ಒಳಗಿನ ಓದುವ ತಲೆಗೆ ಸೇರುವ ಕಡೆ ಬೆಳ್ಳಗೆ ಹೊಳೆಯಬೇಕಾದ ಚುಕ್ಕೆಗಳು ಸುಟ್ಟ ರೊಟ್ಟಿಯಂತೆ ಕಪ್ಪಾಗಿದ್ದವು. “ಗಂಧಕ ತಿಂದೈತಿ. ಒಳಗ ಸುದ್ದಿ ಹೋಗೂದಿಲ್ಲ, ಅದಕ್ಕ ಹುಚ್ಚ ಹಿಡದಂಗ ಕುಟ್ಕೊಳ್ತೈತಿ.” ಹುಡುಗರು ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಆ ಚುಕ್ಕೆಗಳನ್ನು ಒಂದೊಂದಾಗಿ ಉಜ್ಜಿದರು. ಸ್ಪಿರಿಟ್ಟಿನಿಂದ ಒರೆಸಿದರು. ತಿಂಗಳುಗಟ್ಟಲೆ ನಾನು ಬದಲಿಸಿದ ಫ್ಯಾನು, ಪವರ್ ಸಪ್ಲೈ, ಮೆಮೊರಿ ಎಲ್ಲ ನೆನಪಾಗಿ ನಾಚಿಕೆಯಾಯಿತು.

ಡಿಸ್ಕು ಸದ್ದಿಲ್ಲದೆ ತಿರುಗಿತು. ಪರದೆಯ ಮೇಲೆ ಫೈಲುಗಳು ಸಾಲಾಗಿ ಬಂದವು.

“ಬೇಕಾದದ್ದ ಮೊದಲ ತಗೋರಿ. ಕೆಟ್ಟ ಸೆಕ್ಟರ್ ಭಾಳ ಅದಾವ. ಮತ್ತ ಮತ್ತ ಓದಿಸಬ್ಯಾಡ್ರಿ.”

ಆ ಮಧ್ಯಾಹ್ನದ ಫೈಲನ್ನು ಪೆನ್ ಡ್ರೈವಿಗೆ ಎಳೆದುಕೊಂಡೆ. ನಡುವೆ ಎರಡು ಕಡೆ ತಡವರಿಸಿತು, ಬಂದಿತು. ಸರಿಯಾಗಿ ಬಂದಿದೆಯೋ ಇಲ್ಲವೋ ನೋಡಬೇಕಲ್ಲ ಎಂದು ಅವರೇ ಅದನ್ನು ಓಡಿಸಿದರು. ಧ್ವನಿಯಿಲ್ಲದ ಚಿತ್ರ.

ಕಾಕಾ ಕೆಳಗಿನ ಜಾಳಿಗೆಯ ಮುಂದೆ ನಿಂತಿದ್ದಾನೆ. ಅವನ ಎರಡೂ ಕೈ ಖಾಲಿ. ಏನೋ ಬೈದು, ಬಾಗಿಲ ಕಡೆ ಹೊರಳುತ್ತಾನೆ. ಅಪ್ಪ ಬಾಗಿ ಪೈಪು ಎತ್ತಿಕೊಳ್ಳುತ್ತಾನೆ. ಆಗ ಬಲಗಡೆಯಿಂದ ಒಬ್ಬ ಓಡಿ ಬಂದು, ಕಾಕಾನ ಎರಡೂ ತೋಳುಗಳನ್ನು ಹಿಂದಿನಿಂದ ಸೇರಿಸಿ ಹಿಡಿಯುತ್ತಾನೆ. ಅಪ್ಪ ಹೊಡೆಯುತ್ತಾನೆ. ಮೊದಲನೆಯ ಏಟಿಗೆ ಕಾಕಾ ಮುಖ ಪಕ್ಕಕ್ಕೆ ತಿರುಗಿಸಿಕೊಳ್ಳುತ್ತಾನೆ. ಎರಡನೆಯದಕ್ಕೆ ಮೊಣಕಾಲು ಕುಸಿಯುತ್ತದೆ. ಹಿಡಿದವನು ಅವನನ್ನು ಮೇಲಕ್ಕೆ ಎತ್ತಿ ನಿಲ್ಲಿಸುತ್ತಾನೆ. ಮೂರನೆಯ ಏಟಿಗೆ ಕಾಕಾನ ತಲೆ ಹಿಂದಕ್ಕೆ ಚಿಮ್ಮಿ ಹಿಡಿದವನ ಎದೆಗೆ ಬಡಿಯುತ್ತದೆ.

ನನ್ನ ಎದೆಯ ಕಲೆ ಪೈಪಿನದಲ್ಲ, ಕಾಕಾನ ತಲೆಯದು.

“ಹಿಂದಿನಿಂದ ಹಿಡದಾನಲ್ಲ, ಅಂವ ಯಾರ್ರಿ?” ಹಿರಿಯರು ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು. ಕ್ಯಾಮೆರಾದಲ್ಲಿ ಅವನ ಬೆನ್ನಷ್ಟೇ ಕಾಣುತ್ತಿತ್ತು.

“ನಾನ್ರಿ.”

ಅವರು ವಿಡಿಯೋ ನಿಲ್ಲಿಸಿದರು. ಬೋರ್ಡಿನ ಸ್ಕ್ರೂಗಳನ್ನು ಹಾಕಿ, ಡಿಸ್ಕನ್ನು ನನ್ನ ಟವೆಲ್ಲಿನಲ್ಲೇ ಸುತ್ತಿ ಕೊಟ್ಟರು. ಚಹಾ ತರಿಸಿದ್ದರು. ನನ್ನ ಪಾಲಿನದು ಹಾಗೇ ಆರಿತು.

ವಾಪಸು ಬಸ್ಸಿನಲ್ಲಿ ಕುಳಿತಾಗ ಕೈಗಳು ಎಲ್ಲವನ್ನೂ ನೆನಪು ಮಾಡಿಕೊಳ್ಳತೊಡಗಿದವು. ಕಾಕಾನ ತೋಳಿನ ಬೆವರು. ಅವನು ಕುಸಿದಾಗ ಎತ್ತಿ ನಿಲ್ಲಿಸಿದ ಭಾರ. ಅದಕ್ಕಿಂತ ಕೆಟ್ಟದ್ದು, ಆ ಹೊತ್ತಿನ ನನ್ನ ಖುಷಿ. ಹೌದು, ಖುಷಿಯೇ. ನಾನು ಹುಟ್ಟಿದಾರಭ್ಯ ನನ್ನ ಮೇಲೆ ಎತ್ತಿದ ಕೈಯನ್ನು ಅಪ್ಪ ಆವತ್ತು ಬೇರೊಬ್ಬನ ಮೇಲೆ ಎತ್ತಿದ್ದ, ನಾನು ಮೊದಲ ಸಲ ಅವನ ಪಕ್ಷದಲ್ಲಿ ನಿಂತಿದ್ದೆ. ಬಿಡಿಸಲು ಹೋದೆನೆಂಬ ಕತೆಯನ್ನು ಯಾವ ಗಳಿಗೆಯಲ್ಲಿ ಕಟ್ಟಿಕೊಂಡೆನೋ ನನಗೆ ಇವತ್ತಿಗೂ ಸಿಕ್ಕಿಲ್ಲ. ಬಹುಶಃ ಮಿರಜದ ದಾರಿಯಲ್ಲಿ, ತೊಡೆಯ ಮೇಲೆ ಅವನ ತಲೆಯಿದ್ದಾಗ.

ಮರುದಿನ ಮಿರಜಕ್ಕೆ ಹೋದೆ. ಚಿಗವ್ವ ಔಷಧ ತರಲು ಕೆಳಗೆ ಹೋಗಿದ್ದಳು. ಕಾಕಾನ ಅರ್ಧ ಮುಖ ಬ್ಯಾಂಡೇಜಿನೊಳಗಿತ್ತು.

“ಕಾಕಾ, ಡಿಸ್ಕ ಎದ್ದತಿ. ಎಲ್ಲಾ ಕಾಣತೈತಿ.”

“ಹೂಂ.”

“ನಿನ್ನ ಹಿಡದಾವ ನಾ.”

“ಗೊತ್ತೈತಿ.” ಉಳಿದ ಕಣ್ಣನ್ನು ನನ್ನ ಕಡೆ ತಿರುಗಿಸಿದ. “ಅಪ್ಪನ ಕೈಯಾಗ ಬಡಿಸ್ಕೊಂಡ ನೀ ನಮ್ಮ ಮನಿಗೆ ಓಡಿ ಬರತಿದ್ದಿ. ನನ್ನ ಬೆನ್ನಿಗೆ ಬಿಗಿಯಾಗಿ ಆತ್ಕೊಂಡ ನಿಂದರತಿದ್ದಿ. ಆ ಕೈ ನನಗ ಗೊತ್ತಾಗೂದಿಲ್ಲೇನ?”

“ಮತ್ತ ಪೊಲೀಸರಿಗೆ ಯಾಕ ಹೇಳಲಿಲ್ಲ?”

“ಬಾಯಿಗೆ ಬರಲಿಲ್ಲ.” ಹೊದಿಕೆಯನ್ನು ಎದೆಗೆ ಎಳೆದುಕೊಂಡ. “ಮಾಫಿ ಮಾಡೀನಂತ ತಿಳೀಬ್ಯಾಡ. ಕೈಯಾಗ ತಾಕತ್ ಇದ್ದಿದ್ರ ಈಗಿಂದೀಗ ನಿನ್ನ ಕುತ್ತಿಗಿ ಹಿಚಕತಿದ್ದೆ. ನಡಿ, ಅಕೀ ಬರೂದ್ರಾಗ ಹೋಗ.”

ಮಿರಜದಿಂದ ನೇರ ಠಾಣೆಗೆ ಹೋದೆ. ಫೈಲಿದ್ದ ಪೆನ್ ಡ್ರೈವನ್ನೂ ಡಿಸ್ಕನ್ನೂ ಟೇಬಲ್ಲಿನ ಮೇಲಿಟ್ಟೆ. ದಾಖಲೆ ಬರೆಯುವ ರೈಟರ್ ಸಾಹೇಬರು ಠಾಣೆಯ ಕಂಪ್ಯೂಟರಿಗೆ ಪೆನ್ ಡ್ರೈವ್ ಹಾಕಿದರು. ನಾನು ಕಾಕಾನ ತೋಳು ಹಿಡಿಯುವಲ್ಲಿಗೆ ಬಂದಾಗ ಪರದೆ ಹಾಗೇ ನಿಂತುಬಿಟ್ಟಿತು. ಅವರು ಮೌಸನ್ನು ಟೇಬಲ್ಲಿಗೆ ಕುಟ್ಟಿದರು. ಏನೂ ಆಗಲಿಲ್ಲ.

“ನೀವ ರಿಪೇರಿಯವ್ರ ಅಲ್ರಿ? ನೋಡ್ರಿ ಸ್ವಲ್ಪ,” ಅಂದರು.

ನಾನು ಅವರ ಕುರ್ಚಿಯಲ್ಲಿ ಕುಳಿತೆ. ಹಳೆಯ ಯಂತ್ರ, ಮೆಮೊರಿ ಕಡಿಮೆ, ವಿಡಿಯೋ ಓಡಿಸುವ ತಂತ್ರಾಂಶ ಅದಕ್ಕಿಂತ ಹಳೆಯದು. ತೆರೆದಿದ್ದ ಉಳಿದದ್ದನ್ನೆಲ್ಲ ಮುಚ್ಚಿದೆ, ಫೈಲನ್ನು ಒಳಗೆ ನಕಲು ಮಾಡಿಕೊಂಡೆ, ಬೇರೆ ಪ್ಲೇಯರು ಹಾಕಿದೆ. ಎದ್ದು ಹೋಗುವುದಿದ್ದರೆ ಆ ಹತ್ತು ನಿಮಿಷಗಳಲ್ಲಿ ಹೋಗಬಹುದಿತ್ತು. ಡಿಲೀಟ್ ಮಾಡುವುದಿದ್ದರೂ ಬೆರಳ ಕೆಳಗೇ ಇತ್ತು. ಮೂರು ಏಟುಗಳೂ ನಿಲ್ಲದೆ ಓಡಿದವು. ರೈಟರ್ ಸಾಹೇಬರು ಪರದೆಯ ಮೇಲಿನ ಬೆನ್ನನ್ನೂ ಕುರ್ಚಿಯಲ್ಲಿದ್ದ ನನ್ನ ಬೆನ್ನನ್ನೂ ಎರಡು ಸಲ ನೋಡಿ ಹೋಲಿಸಿದರು. “ಏಳ್ರಿ ಅಲ್ಲಿಂದ,” ಅಂದರು. ಅವರ ದನಿ ಬದಲಾಗಿತ್ತು.

ನನ್ನನ್ನು ಆವತ್ತೇ ಒಳಗಿಟ್ಟರು. ಜಾಮೀನು ಸಿಕ್ಕಿ ಹೊರಬಂದ ಮೂರನೆಯ ದಿನ, ಬೆಳಿಗ್ಗೆ ಅಂಗಡಿ ತೆರೆಯುತ್ತಿದ್ದಾಗ ಅಪ್ಪ ಬಂದ. ಕೈಯಲ್ಲಿ ಕಬ್ಬಿಣದ ಹಾರೆ. ನನ್ನನ್ನು ಪಕ್ಕಕ್ಕೆ ತಳ್ಳಿ ಒಳಗೆ ಹೋಗಿ ಮೊದಲನೆಯ ಮಾನಿಟರಿಗೆ ಇಳಿಸಿದ. ಆಮೇಲೆ ಎರಡನೆಯದಕ್ಕೆ. ಗಾಜು ಓಣಿಯವರೆಗೆ ಹಾರಿತು. ಗಿರಾಕಿಗಳು ರಿಪೇರಿಗೆ ಬಿಟ್ಟುಹೋಗಿದ್ದ ಯಂತ್ರಗಳು, ಒಬ್ಬ ಶಾಲಾ ಮಾಸ್ತರರ ಲ್ಯಾಪ್‌ಟಾಪು, ಗೋಡೆಯ ಮೇಲಿನ ಸಾಮಾನು, ಒಂದನ್ನೂ ಬಿಡಲಿಲ್ಲ. ಪಕ್ಕದ ಅಂಗಡಿಯವರು ಸೇರಿದರು, ಯಾರೂ ಒಳಗೆ ಕಾಲಿಡಲಿಲ್ಲ.

“ಹೆತ್ತ ಅಪ್ಪನ ಹಿಡದ ಕೊಟ್ಟ್ಯಲ್ಲೋ,” ಅಂದ. ಏದುಸಿರು ಬಿಡುತ್ತಿದ್ದ. “ನಿನ್ನ ಸಲುವಾಗಿ ಸುಳ್ಳ ಹೇಳೀನಿ. ನೀ ಹಿಡದದ್ದ ಒಬ್ಬರ ಮುಂದ ಬಾಯಿ ಬಿಟ್ಟಿಲ್ಲ.”

ಅದೂ ನಿಜವೇ. ಅವನಿಗೆ ಎಲ್ಲವೂ ನೆನಪಿತ್ತು. ಸುತ್ತಿಗೆ ತಂದದ್ದು ಅವನೊಬ್ಬನಿಗಾಗಿ ಅಲ್ಲ.

ಹಾರೆಯ ಹಿಂಬದಿಯಿಂದ ನನ್ನ ಮೊಣಕಾಲಿಗೆ ಹೊಡೆದ. ನಾನು ಬಿದ್ದೆ. ಎರಡನೆಯ ಸಲ ಎತ್ತಿದವನು ಹೊಡೆಯದೆ ಅದನ್ನು ಮೂಲೆಗೆ ಎಸೆದು, ಒಡೆದ ಗಾಜಿನ ಮೇಲೆ ಚಪ್ಪಲಿ ಕರಕರ ಅನ್ನಿಸುತ್ತ ಇಳಿದು ಹೋದ. ಅಂದಿನಿಂದ ಅವನು ನನ್ನೊಡನೆ ನೆಟ್ಟಗೆ ಮಾತಾಡಿಲ್ಲ. ಅವ್ವ ವಾರಕ್ಕೊಮ್ಮೆ ಫೋನು ಮಾಡಿ, ಅವನು ಹಿತ್ತಲಿಗೆ ಹೋದ ಹೊತ್ತು ನೋಡಿ ಎರಡು ಮಾತಾಡುತ್ತಾಳೆ.

ಕೇಸು ಇನ್ನೂ ನಡೆಯುತ್ತಿದೆ. ತಾರೀಖು ಬಂದಾಗ ಅಪ್ಪ ಮತ್ತು ನಾನು ಒಂದೇ ಕಟಕಟೆಯಲ್ಲಿ ಒಂದು ಮೊಳ ಬಿಟ್ಟು ನಿಲ್ಲುತ್ತೇವೆ. ಶೆಡ್ಡನ್ನು ಕೊನೆಗೂ ನಡುವೆ ತಗಡು ಹೊಡೆದು ಎರಡು ಮಾಡಿದ್ದಾರೆ.

ಹೋದ ಚಾಟ್ನಿಯ ಹೊತ್ತಿಗೆ, ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಕಾಲಕ್ಕೆ, ಕಾಕಾ ಕತ್ತರಿ ಹಿಡಿದು ತನ್ನ ಬೆರಳನ್ನೇ ಕೊಯ್ದುಕೊಂಡನೆಂದು ಅವ್ವನಿಂದ ಗೊತ್ತಾಯಿತು. ಒಂದೇ ಕಣ್ಣಿಗೆ ಕಡ್ಡಿ ಎಷ್ಟು ದೂರವಿದೆಯೆಂದು ತಿಳಿಯುವುದಿಲ್ಲ. ಅಂಗಡಿ ಮುಚ್ಚಿ ಕುಂಟುತ್ತಲೇ ಹೋದೆ. ಬಾ ಎಂದು ಅವನು ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಚಿಗವ್ವ ನನ್ನನ್ನು ನೋಡಿ ನೆಲಕ್ಕೆ ಉಗುಳಿದಳು, ಆಮೇಲೆ ಒಳಗಿನಿಂದ ಕತ್ತರಿ ತಂದು ಬದುವಿನ ಮೇಲೆ ಒಗೆದಳು. ನಾನು ಸಾಲು ಹಿಡಿದೆ. ಕಾಕಾ ನನ್ನ ಹಿಂದೆ, ಕತ್ತರಿಸಿ ಬಿದ್ದ ಕಡ್ಡಿಗಳನ್ನು ಆಯುತ್ತ ಬಂದ. ಬದುವಿನಾಚೆ ಅಪ್ಪನ ತೋಟ. ನನ್ನನ್ನು ಕಂಡಕೂಡಲೇ ಅವನ ಬೈಗುಳ ಸುರುವಾಯಿತು, ಬೈಗುಳದ ಹಿಂದೆ ಒಂದು ಕಲ್ಲು ಬಂತು. ಅದು ಕಾಕಾನ ಎಡಕ್ಕೆ, ಎರಡೇ ಹೆಜ್ಜೆ ಆಚೆ ಬಿದ್ದು ಮಣ್ಣು ಹಾರಿಸಿತು. ಅವನಿಗೆ ಆ ಬದಿ ಕಾಣುವುದಿಲ್ಲ.

“ಏನದು ಸಪ್ಪಳ?” ಅಂದ.

“ಕಲ್ಲ,” ಅಂದೆ.

ನಾನು ಅವನ ಎಡಗಡೆಗೆ ಹೋಗಿ ನಿಂತು, ಅಲ್ಲಿಂದಲೇ ಮುಂದಿನ ಬಳ್ಳಿ ಕತ್ತರಿಸತೊಡಗಿದೆ.